ಅಂತಃಪುರದ ಒಂದು ಗಳಿಗೆ

ಪ್ರಣಯ ಕಾದಂಬರಿಯೆಂದರೆ ಮೂಗು ಮುರಿಯುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿದ್ದ ಪ್ರಾಧ್ಯಾಪಿಕೆ ಜಾನಿಸ್ ರಾಡ್‌ವೇ ಮಾತ್ರ, ತೀರ್ಪು ಕೊಡುವ ಮುನ್ನ ಓದುಗರನ್ನೇ ವಿಚಾರಿಸಹೊರಟರು. ಊರೊಂದಕ್ಕೆ ‘ಸ್ಮಿತ್‌ಟನ್’ ಎಂಬ ಮರೆಹೆಸರಿಟ್ಟು, ಅಲ್ಲಿಯ ಪುಸ್ತಕದಂಗಡಿಯ 42 ಮಂದಿ ಗಿರಾಕಿ ಹೆಂಗಸರಿಂದ ಪ್ರಶ್ನಾವಳಿಗೆ ಉತ್ತರ ಪಡೆದರು. 1984ರಲ್ಲಿ ‘ರೀಡಿಂಗ್ ದಿ ರೋಮ್ಯಾನ್ಸ್’ ಗ್ರಂಥ ಹೊರಬಂದಿತು.

ಅವರು ಕೇಳಿದ್ದು ಕಥೆಯ ವಿಷಯ. ಗೃಹಿಣಿಯರು ಹೇಳಿದ್ದು ಓದುವ ಹೊತ್ತಿನ ವಿಷಯ! ಗಂಡ, ಮಕ್ಕಳು, ಅಡಿಗೆಮನೆ ಎಂದು ದಿನವೆಲ್ಲ ಸವೆಯುವವಳಿಗೆ, ಕೈಯಲ್ಲಿ ಪುಸ್ತಕವಿದ್ದಷ್ಟು ಹೊತ್ತು ತನ್ನದು. ಆಗ ಯಾರೂ ಕರೆಯಕೂಡದು. ಕಥಾನಾಯಕನೂ ಅಷ್ಟೆ: ಪರಾಕ್ರಮಿಯಾದರೆ ಸಾಲದು, ನಾಯಕಿಯನ್ನು ತಾಯಿಯಂತೆ ಆರೈಕೆ ಮಾಡಬಲ್ಲವನಾಗಬೇಕು. ಎಲ್ಲರ ಆರೈಕೆಯನ್ನೂ ಹೊತ್ತವಳನ್ನು ಆರೈಕೆ ಮಾಡುವವರು ಯಾರು?

ಆದರೆ ರಾಡ್‌ವೇ ಅಲ್ಲಿಗೇ ನಿಲ್ಲಲಿಲ್ಲ. ಇಂಥ ಓದು ನೋವಿಗೆ ಲೇಪವಾಗಿ, ನೋವಿನ ಕಾರಣವನ್ನು ಇದ್ದಂತೆಯೇ ಉಳಿಸೀತೆಂದು ಶಂಕಿಸಿದರು. ಶಂಕೆ ನಿರಾಧಾರವಲ್ಲ, ಆದರೂ ಲೇಪವನ್ನು ಕಸಿದುಕೊಳ್ಳಲು ನನಗಂತೂ ಮನಸ್ಸಾಗದು.

ಇದಿಷ್ಟನ್ನೂ ಮನೆಯಾಕೆಗೆ ವಿವರಿಸಿದೆ. ತಲೆಯೆತ್ತದೆಯೇ, “ಇಷ್ಟು ತಿಳಿಯಲು ಪ್ರಾಧ್ಯಾಪಿಕೆಯೇ ಬೇಕಾಯಿತೆ?” ಎಂದು ಕೇಳಿ, ಧಾರಾವಾಹಿಯ ಪುಟ ತಿರುವಿದಳು. ಕಾಫಿ ನಾನೇ ಬೆರೆಸಿಕೊಂಡೆ.