55 ಡಿಗ್ರಿ ಅನ್ನೋ ಮೂಢನಂಬಿಕೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಗೊತ್ತು, ಅಲ್ಲಿ ಸುರಿದಿರೋದು ಬರೀ ಗೂಡಲ್ಲ, ಒಂದೊಂದು ಮನೆಯ ತಿಂಗಳ ದುಡಿಮೆ. ಪೆಬ್ರಿನ್ ಬಂತೋ, ಅಷ್ಟೂ ಮಣ್ಣುಪಾಲು. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟೋ ರೋಗ ಇದು. 1865ರಲ್ಲಿ ಇದರ ಬೆನ್ನುಹತ್ತಿದ ಪಾಶ್ಚರ್, ಕೊನೆಗೆ ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡೋ ದಾರಿ ತೋರಿಸಿದ. ಅದಕ್ಕೂ ಸಿಗದಷ್ಟು ಕಡಿಮೆ ಸೋಂಕು ಹಿಡಿಯೋಕೆ ಪಿಸಿಆರ್.

ನನ್ನ ಜಗಳ ಪಿಸಿಆರ್ ಜೊತೆ ಅಲ್ಲ ಸ್ವಾಮಿ. "ಅನೀಲಿಂಗ್ ಎಷ್ಟು? 55 ಹಾಕು, ಎಲ್ರೂ ಅದನ್ನೇ ಹಾಕೋದು" ಅನ್ನೋ ಮಾತಿನ ಜೊತೆ. ನಾನು ಕೆಲಸ ಕಲಿತ ಲ್ಯಾಬಿನಲ್ಲೂ ಇದೇ ವೇದವಾಕ್ಯ ಆಗಿತ್ತು.

ಈ 55 ಎಲ್ಲಿಂದ ಬಂತು? ಪ್ರೈಮರಿನ ಪ್ರತಿ ಎ, ಟಿಗೆ 2 ಡಿಗ್ರಿ, ಪ್ರತಿ ಜಿ, ಸಿಗೆ 4 ಡಿಗ್ರಿ ಕೂಡಿದರೆ ಅದು ಡಿಎನ್ಎಯಿಂದ ಬಿಡಿಸಿಕೊಳ್ಳೋ ಉಷ್ಣತೆ ಅಂದಾಜಿಗೆ ಸಿಗುತ್ತೆ. 20 ಅಕ್ಷರದ ಪ್ರೈಮರಿನಲ್ಲಿ ಅರ್ಧಕ್ಕರ್ಧ ಜಿ-ಸಿ ಇದ್ದರೆ 60. ಅದರಲ್ಲಿ 5 ಕಳೆದರೆ 55. ಅಷ್ಟೇ ಕಥೆ! ಅದೇ 20ರಲ್ಲಿ ಜಿ-ಸಿ 7 ಮಾತ್ರ ಇದ್ದರೆ? 54 ಬರುತ್ತೆ, ಐದು ಕಳೆದರೆ 49. ಅಲ್ಲಿ 55 ಹಾಕಿದರೆ ಪ್ರೈಮರ್ ಸರಿಯಾಗಿ ಕೂರೋದೇ ಇಲ್ಲ. ಪೆಬ್ರಿನ್ ಜೀವಿಯ ಜಿನೋಮಿನಲ್ಲಿ ಎ-ಟಿಯೇ ಹೆಚ್ಚು ಅನ್ನೋದನ್ನೂ ನೆನಪಿಡಿ.

ಹಾಗಂತ ತೀರಾ ಇಳಿಸಿದರೆ ಪ್ರೈಮರ್ ಸಿಕ್ಕಸಿಕ್ಕಲ್ಲಿ ಕೂತು, ಹುಳದ ಡಿಎನ್ಎಯಲ್ಲೇ ಸುಳ್ಳು ಬ್ಯಾಂಡ್ ತೋರಿಸಬಹುದು. ಒಳ್ಳೇ ಮೊಟ್ಟೆ ಸುಟ್ಟುಹಾಕಬೇಕಾಗುತ್ತೆ.

"ಪೇಪರಿನಲ್ಲಿ ಇದೇ ಇದೆ" ಅಂತೀರಾ? ಅವರ ಎಂಜೈಮ್, ಅವರ ಮೆಗ್ನೀಸಿಯಂ, ಅವರ ಮೆಷೀನು ನಿಮ್ಮ ಹತ್ರ ಇದೆಯಾ? ಲೆಕ್ಕ ಹಾಕಿದ್ದೂ ಆರಂಭ ಮಾತ್ರ. ಎರಡು ಪ್ರೈಮರಲ್ಲಿ ಕಡಿಮೆ ಇರೋದನ್ನ ಹಿಡಿದು, ಅದರ ಆಚೆ ಈಚೆ ಎಂಟು ಟ್ಯೂಬಿನ ಗ್ರೇಡಿಯಂಟ್ ಹಾಕಿ. ಸುಳ್ಳು ಬ್ಯಾಂಡ್ ಇಲ್ಲದೆ ಸರಿಯಾದ ಬ್ಯಾಂಡ್ ಗಟ್ಟಿಯಾಗಿ ಬರೋ ಉಷ್ಣತೆ ಆರಿಸಿ.

ಇನ್ನೊಂದು ಮಾತು. ಗಟ್ಟಿ ಪಾಸಿಟಿವ್ ಕಂಟ್ರೋಲ್ ತಪ್ಪು ಉಷ್ಣತೆಯಲ್ಲೂ ಹೊಳೆಯಬಹುದು. ಅದನ್ನ ಸಾವಿರ ಪಟ್ಟು ತೆಳು ಮಾಡಿ ಇಡಿ, ಆಗ ಬಣ್ಣ ಬಯಲಾಗುತ್ತೆ. ಜೊತೆಗೆ ಬರೀ ನೀರಿನ ಟ್ಯೂಬೂ ಇರಲಿ.

"ಇಷ್ಟಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?" ಎಂಟು ಟ್ಯೂಬು, ಎರಡು ಮೂರು ಗಂಟೆ, ಅಷ್ಟೇ ರೀ. ಅದನ್ನ ಉಳಿಸಿ, ಖಾಲಿ ಜೆಲ್ ನೋಡಿ "ರೋಗ ಇಲ್ಲ" ಅಂತ ಸಹಿ ಹಾಕಿದರೆ, ಆ ಮೊಟ್ಟೆ ಚಿಂತಾಮಣಿಯ ಯಾವುದೋ ಹಳ್ಳಿಗೆ ಹೋಗುತ್ತೆ. ಹುಳ ಹಣ್ಣಾಗೋ ಹೊತ್ತಿಗೆ ಲೆಕ್ಕ ಕಟ್ಟೋನು ರೈತ, ನಾವಲ್ಲ.

ನೀವೇನಂತೀರಿ?