ತವರಿನ ಅಭಿಮಾನವೂ ತವರಿನ ಕಳಂಕವೂ

ಹುಟ್ಟಿದ ನಾಡನ್ನು ಹಾಡಿ ಹೊಗಳುವುದು ಮನುಷ್ಯನಿಗೆ ಸಹಜ. ಆದರೆ ಆ ನಾಡಿನಲ್ಲಿಯೇ ಘೋರವಾದ ಅನ್ಯಾಯ ನಡೆದಿದ್ದರೆ ಹಾಡುವವರ ಕರ್ತವ್ಯವೇನು? ಅದನ್ನು ಎತ್ತಿ ಹೇಳಿದರೆ ನಾಡಿಗೆ ದ್ರೋಹವೆ? ಮುಚ್ಚಿಟ್ಟರೆ ಅಭಿಮಾನವೆ? ಈ ಪ್ರಶ್ನೆಯನ್ನು ವಿಚಾರಿಸಲು ನಾವು ಈ ಸಲ ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮಾ ರಾಜ್ಯದ ಕಡೆಗೆ ದೃಷ್ಟಿ ಹರಿಸೋಣ. ಈ ರಾಜ್ಯವನ್ನು ಕುರಿತು ಜನಪ್ರಿಯ ಹಾಡುಗಳೇ ಒಂದಕ್ಕೊಂದು ಎದುರು ನಿಂತು ವಾದ ಹೂಡಿದವು.

ಅಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತು. ಆದರೂ ಶಾಲೆ, ಬಸ್ಸು, ಹೋಟೆಲುಗಳಲ್ಲಿ ಬಿಳಿಯರಿಗೊಂದು, ಕಪ್ಪು ವರ್ಣದವರಿಗೊಂದು ಎಂಬ ಪಂಕ್ತಿಭೇದ ಬಹುಕಾಲ ಉಳಿಯಿತು. 1963ರ ಜೂನ್ ತಿಂಗಳಲ್ಲಿ ಆ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್ ಸ್ವತಃ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡಲಾಗಿ ನಿಂತು ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಯತ್ನಿಸಿದರು. ಅದೇ ವರ್ಷ ಸೆಪ್ಟೆಂಬರ್ 15ರ ಭಾನುವಾರ ಬರ್ಮಿಂಗ್‌ಹ್ಯಾಮ್ ನಗರದ ಚರ್ಚೊಂದರಲ್ಲಿ ವರ್ಣದ್ವೇಷಿಗಳು ಇಟ್ಟ ಬಾಂಬು ಸಿಡಿದು ನಾಲ್ವರು ಬಾಲಕಿಯರು ಅಸುನೀಗಿದರು.

ಈ ವಾರ್ತೆ ಕೇಳಿ ಕುದಿದುಹೋದ ಗಾಯಕಿ ನೀನಾ ಸಿಮೋನ್ 'ಮಿಸ್ಸಿಸ್ಸಿಪಿ ಗಾಡ್‌ಡ್ಯಾಮ್' ಎಂಬ ಹಾಡನ್ನು ರಚಿಸಿದರು. ಅದರಲ್ಲಿ ಅವರು ದಕ್ಷಿಣದ ರಾಜ್ಯಗಳನ್ನು ಹೆಸರು ಹಿಡಿದೇ ಖಂಡಿಸಿದರು. ಆ ಭಾಗದ ಹಲವು ರೇಡಿಯೋ ಕೇಂದ್ರಗಳು ಹಾಡನ್ನು ಪ್ರಸಾರ ಮಾಡಲಿಲ್ಲ. ಆಕೆ ಹೊರಗಿನವರಲ್ಲ, ದಕ್ಷಿಣದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಹುಟ್ಟಿ ಬೆಳೆದವರು ಎಂಬುದನ್ನು ನಾವು ಮರೆಯಬಾರದು.

ಮುಂದೆ ಕೆನಡಾ ದೇಶದ ನೀಲ್ ಯಂಗ್ 1970 ಮತ್ತು 1972ರಲ್ಲಿ ಎರಡು ಹಾಡುಗಳ ಮೂಲಕ ದಕ್ಷಿಣದ ಬಿಳಿಯರನ್ನು ಕಟುವಾಗಿ ಟೀಕಿಸಿದರು. ಇದಕ್ಕೆ ಉತ್ತರವಾಗಿ 1974ರಲ್ಲಿ ಲಿನರ್ಡ್ ಸ್ಕಿನರ್ಡ್ ಎಂಬ ತಂಡದವರು 'ಸ್ವೀಟ್ ಹೋಮ್ ಅಲಬಾಮಾ' ಹಾಡಿದರು. ಅವರು ನೆರೆಯ ಫ್ಲಾರಿಡಾದವರಾದರೂ ದಕ್ಷಿಣದ ಸ್ವಾಭಿಮಾನ ಅವರಲ್ಲಿ ಕೆರಳಿತ್ತು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿರೆಂಬುದು ಅವರ ವಾದ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದೇ ತಂಡದ ವೇದಿಕೆಯ ಮೇಲೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಕಾದಾಡಿದ ದಕ್ಷಿಣ ಒಕ್ಕೂಟದ ಧ್ವಜವೂ ಹಾರುತ್ತಿತ್ತು. ಗವರ್ನರರನ್ನು ಕುರಿತ ಸಾಲು ಹೊಗಳಿಕೆಯೋ ತೆಗಳಿಕೆಯೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಆ ಹಾಡಿನ ಒಡಲಿನಲ್ಲಿಯೇ ಇನ್ನೊಂದು ಕಥೆ ಅಡಗಿದೆ. ಅದಕ್ಕೆ ಹಿನ್ನೆಲೆಯಲ್ಲಿ ದನಿಗೂಡಿಸಿದ ಮೆರಿ ಕ್ಲೇಟನ್ ಮತ್ತು ಕ್ಲೈಡಿ ಕಿಂಗ್ ಕಪ್ಪು ವರ್ಣದ ಮಹಿಳೆಯರು. ಅಲಬಾಮಾದ ಹೆಸರು ಕೇಳಿದೊಡನೆ ಕ್ಲೇಟನ್ ಅವರು ಒಲ್ಲೆನೆಂದರಂತೆ. ಪತಿಯ ಸಲಹೆಯ ಮೇರೆಗೆ ಕೊನೆಗೆ ಹಾಡಿದರು. ಹಾಗೆ ಹಾಡಿದ್ದೇ ತಮ್ಮ ಪ್ರತಿಭಟನೆಯೆಂದು ಅನಂತರ ಹೇಳಿಕೊಂಡರು. ಅಲ್ಲದೆ, ಆ ಹಾಡು ಕೊಂಡಾಡುವ ಮಸಲ್ ಶೋಲ್ಸ್ ಎಂಬ ಊರಿನ ವಾದ್ಯಗಾರರು ಬಿಳಿಯರು. ವ್ಯಾಲೇಸರ ರಾಜ್ಯದಲ್ಲಿಯೇ ಅವರು ವಿಲ್ಸನ್ ಪಿಕೆಟ್, ಅರೀಥಾ ಫ್ರಾಂಕ್ಲಿನ್ ಮುಂತಾದ ಕಪ್ಪು ಗಾಯಕರ ಜೊತೆ ಕುಳಿತು ನುಡಿಸಿ ಕೀರ್ತಿ ಗಳಿಸಿದ್ದರು. ಹೀಗೆ ಆಳುವವರು ಬಾಗಿಲು ಮುಚ್ಚಿದ ನಾಡಿನಲ್ಲಿ ನಾದ ಬಾಗಿಲು ತೆರೆದಿತ್ತು. ಅಲಬಾಮಾ ನಿಜವಾಗಿ ಹೆಮ್ಮೆಪಡಬೇಕಾದುದು ಇದಕ್ಕೆ.

2012ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ನೀಲ್ ಯಂಗ್ ತಮ್ಮ ಹಾಡಿನ ಮಾತುಗಳಲ್ಲಿ ತಿರಸ್ಕಾರ ಬೆರೆತಿತ್ತೆಂದೂ ಅದಕ್ಕೆ ಬಂದ ಉತ್ತರ ತಕ್ಕುದೇ ಆಗಿತ್ತೆಂದೂ ಒಪ್ಪಿಕೊಂಡರು. ದೂರದಲ್ಲಿ ನಿಂತು ಬೆರಳು ತೋರುವವರ ಮಾತು ನಾಟುವುದು ಕಡಿಮೆ ಎಂಬ ಪಾಠ ಇಲ್ಲಿದೆ. ಆದರೆ ಅವರ ಮಾತಿನ ಧಾಟಿ ತಪ್ಪಾಗಿದ್ದ ಮಾತ್ರಕ್ಕೆ ನಡೆದ ಅನ್ಯಾಯ ಸುಳ್ಳಾಗದು. ನಾಲ್ವರು ಬಾಲಕಿಯರಿಗೂ ಅದು ತವರೇ ಆಗಿತ್ತು. ತವರಿನ ಹಾಡಿನಲ್ಲಿ ಅವರಿಗೆ ಸ್ಥಳವಿಲ್ಲದಿದ್ದರೆ ಆ ಹಾಡು ಅಪೂರ್ಣ.

ನಮ್ಮ ಮಕ್ಕಳು ಇಂದು ಎಲ್ಲ ದೇಶಗಳ ಹಾಡುಗಳನ್ನೂ ಕೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಬಂಧುಗಳ ಮಕ್ಕಳಿಗಂತೂ ಅದು ಹುಟ್ಟಿದ ನಾಡಿನ ಸಂಗೀತ. ಕೇಳಬೇಡಿರೆಂದು ಗದರಿಸುವುದರಿಂದ ಫಲವಿಲ್ಲ. ಹಿರಿಯರು ಜೊತೆಯಲ್ಲಿ ಕುಳಿತು, ಈ ಹಾಡು ಯಾರನ್ನು ನಮ್ಮವರೆನ್ನುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ಕೇಳಿದರೆ ಸಾಕು. ತಾಯಿಯನ್ನು ಪ್ರೀತಿಸುವ ಮಗು ಆಕೆಯ ಗಾಯವನ್ನು ಸೆರಗಿನಿಂದ ಮುಚ್ಚುವುದಿಲ್ಲ, ಮದ್ದು ತರಲು ಓಡುತ್ತದೆ. ನಾಡಿನ ಮೇಲಿನ ಪ್ರೀತಿಯೂ ಹಾಗೆಯೇ ಇರಲಿ ಎಂಬುದು ನಮ್ಮ ಆಶಯ.