ಚಿತ್ರ ಬಿಡಿಸಿದರೆ ಪಾಠ ಹಾಳಾಗುವುದಿಲ್ಲ

"ವಿಜ್ಞಾನದ ಪೀರಿಯಡಿನಲ್ಲಿ ಚಿತ್ರದ ಆಟವಾ? ಮತ್ತೆ ಪಾಠ ಮುಗಿಸುವುದು ಯಾವಾಗ?" ಈ ಮಾತನ್ನು ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ, ಪಿಟಿಎ ಸಭೆಯಲ್ಲೂ ಕೇಳಿದ್ದೇನೆ. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುವವನಾಗಿ ನನ್ನ ಉತ್ತರ ಇಷ್ಟೇ: ಹೊತ್ತು ಹಾಳಾಗುವುದು ಆಟದಲ್ಲಿ ಅಲ್ಲ, ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದರಲ್ಲಿ.

ನಮ್ಮ ಮಕ್ಕಳ ಸ್ಥಿತಿ ನೋಡಿ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಒಂದೊಂದು ಮಾತು. ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ. ಅಡಿಕೆ ತೋಟದ ಹುಡುಗನಿಗೆ ಹಿಂಗಾರ ಚೆನ್ನಾಗಿ ಗೊತ್ತುಂಟು, 'ಪುಷ್ಪಮಂಜರಿ' ಗೊತ್ತಿಲ್ಲ. ಅದರ ಅರ್ಥವನ್ನು ಹತ್ತು ಸಲ ಬರೆಸಿದರೂ ಎರಡೂ ಒಂದೇ ಅಂತ ಅವನಿಗೆ ಹೊಳೆಯುವುದಿಲ್ಲ. ಅವನನ್ನೇ ಬೋರ್ಡಿನ ಹತ್ತಿರ ಕರೆದು ಹಿಂಗಾರ ಬಿಡಿಸಲು ಹೇಳಿ. ಎಸಳಿನ ಬುಡದಲ್ಲಿರುವ ದಪ್ಪ ಹೂ ಹೆಣ್ಣು, ಅಡಿಕೆಯಾಗುವುದು ಅದೇ. ತುದಿಯ ಕಡೆಗಿರುವ ಸಣ್ಣ ಸಣ್ಣವು ಗಂಡು. ಅವನ ಚಿತ್ರದ ಮೇಲೆಯೇ ಇದನ್ನು ಗುರುತು ಮಾಡಿದರೆ 'ಪರಾಗಸ್ಪರ್ಶ' ಎಂಬ ಪದಕ್ಕೂ ಅವನ ತೋಟದಲ್ಲೇ ಜಾಗ ಸಿಗುತ್ತದೆ.

ಆಟ ಸುಲಭ. ಒಬ್ಬರಿಗೆ ಚೀಟಿಯಲ್ಲಿ ಒಂದು ಪದ. ಮಾತಾಡದೆ, ಅಕ್ಷರ ಬರೆಯದೆ ಅದನ್ನು ಚಿತ್ರದಲ್ಲಿ ತೋರಿಸಬೇಕು. ತಂಡದವರು ಒಂದು ನಿಮಿಷದೊಳಗೆ ಪದ ಹೇಳಬೇಕು. ಅಲ್ಲಿಗೇ ನಿಲ್ಲಿಸಿದರೆ ಅದು ಬರೀ ಆಟ, ಒಪ್ಪುತ್ತೇನೆ. ಪದ ಸಿಕ್ಕಿದ ಮೇಲೆ ಚಿತ್ರದ ಭಾಗಗಳಿಗೆಲ್ಲ ಹೆಸರು ಬರೆಯಬೇಕು, ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಹೇಳಬೇಕು, ಮಲಯಾಳದ ಪದವನ್ನೂ ಪಕ್ಕದಲ್ಲಿ ಇಡಬೇಕು. ಆಗ ಅದು ಪಾಠ.

"ಮಲಯಾಳ ಪದ ಸೇರಿಸಿದರೆ ಕನ್ನಡ ಕೆಡುತ್ತದೆ" ಎನ್ನುವವರೂ ಇದ್ದಾರೆ. ಕೆಡುವುದು ಸೇರಿಸಿದ್ದರಿಂದ ಅಲ್ಲ, ಬಿಡಿಸಿ ಹೇಳದೆ ಬಿಟ್ಟದ್ದರಿಂದ. 'ಬಾಷ್ಪೀಕರಣ' ಎರಡೂ ಭಾಷೆಯಲ್ಲಿ ಒಂದೇ. ಆದರೆ ನಮ್ಮ ಪಾಠದಲ್ಲಿ 'ಘನೀಕರಣ' ಅಂದರೆ ನೀರು ಮಂಜುಗಡ್ಡೆಯಾಗುವುದು. ಮಲಯಾಳದಲ್ಲಿ ಆವಿ ಹನಿಯಾಗುವುದಕ್ಕೂ 'ಘನೀಭವಿಕ್ಕುಕ' ಎನ್ನುತ್ತಾರೆ. ಮಗು ಗಲಿಬಿಲಿಯಾಗದೆ ಇರುತ್ತದೆಯೇ? ಗಂಜಿ ಪಾತ್ರೆಯ ಮುಚ್ಚಳದಡಿಯ ಹನಿ ಒಂದು ಚಿತ್ರ, ಐಸಿನ ಗಟ್ಟಿ ಇನ್ನೊಂದು ಚಿತ್ರ. ಯಾವ ಪದ ಯಾವುದಕ್ಕೆ ಎಂದು ಅಲ್ಲೇ ತೀರ್ಮಾನವಾಗುತ್ತದೆ.

ಇದು ಹೊಸ ಶೋಕಿಯೂ ಅಲ್ಲ. ಕೊಮೇನಿಯಸ್ ಎಂಬ ಶಿಕ್ಷಣತಜ್ಞರು 1658ರಲ್ಲೇ ಚಿತ್ರದ ಭಾಗಗಳಿಗೆ ಅಂಕೆ ಹಾಕಿ, ಲ್ಯಾಟಿನ್ ಮತ್ತು ಜರ್ಮನ್ ಪದಗಳನ್ನು ಅಕ್ಕಪಕ್ಕ ಇಟ್ಟು ಮಕ್ಕಳಿಗಾಗಿ ಪುಸ್ತಕ ಮಾಡಿದ್ದರು.

ಒಂದು ಎಚ್ಚರಿಕೆ ಮಾತ್ರ ಬೇಕು. "ಚಿತ್ರಕ್ಕೆ ಭಾಷೆ ಬೇಡವಲ್ಲ, ಹಾಗಾದರೆ ಕನ್ನಡ ಬಾರದ ಅಧ್ಯಾಪಕರಾದರೂ ಸಾಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕನ್ನಡ ತರಗತಿಗೆ ಕನ್ನಡ ಬಾರದವರನ್ನು ನೇಮಿಸಿದ್ದಕ್ಕೆ ನಾವು ಎಷ್ಟು ಸಲ ಪ್ರತಿಭಟನೆ ಮಾಡಿದ್ದೇವೆ! ಹುಡುಗ ಚಿತ್ರ ತೋರಿಸಿ 'ಹಿಂಗಾರ' ಎಂದಾಗ, ಅದನ್ನು ಹಿಡಿದು 'ಪುಷ್ಪಮಂಜರಿ'ಗೆ ದಾಟಿಸಲು ಎರಡೂ ಮಾತು ಬಲ್ಲವರೇ ಬೇಕು. ಸೀಮೆಸುಣ್ಣದ ಚಿತ್ರ ಅಧ್ಯಾಪಕರ ಕೈಗೆ ಸಿಕ್ಕ ಉಪಕರಣವೇ ಹೊರತು, ಅಧ್ಯಾಪಕರ ಬದಲಿಗೆ ಕಳಿಸುವ ಸಾಮಾನಲ್ಲ.

ಹೆತ್ತವರಲ್ಲಿ ನನ್ನ ಕೇಳಿಕೆ ಇಷ್ಟು. ಮುಂದಿನ ಸಭೆಯಲ್ಲಿ ನೋಟ್ಸ್ ಎಷ್ಟು ಪುಟ ಆಯಿತೆಂದು ವಿಚಾರಿಸಬೇಡಿ. ಪಾಠದ ಒಂದು ಪದ ಕೊಟ್ಟು, ಅದರ ಚಿತ್ರ ಬಿಡಿಸಿ ವಿವರಿಸಲು ನಿಮ್ಮ ಮಗುವಿಗೆ ಹೇಳಿ. ನಾವು ಕಲಿಸಿದ್ದೇವೋ ಇಲ್ಲವೋ ಎಂದು ನಿಮಗೇ ಗೊತ್ತಾಗುತ್ತದೆ.